ಕಂಟೇನರಿಗೆ ಪೂಜೆಯಾದ ವರ್ಷ

ಆಯುಧ ಪೂಜೆ ಬಂತೆಂದರೆ ನನಗೆ ಭಕ್ತಿಗಿಂತ ಮೊದಲು ಹೆದರಿಕೆ ಬರುತ್ತದೆ. ಮೊನ್ನೆ ಬಹರೇನಿನ ಜಿಂಜ್‌ನ ನಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ ಊರಿನವರು ನಾಲ್ಕೈದು ಮಂದಿ ಸೇರಿ ಕಾರು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಚಕ್ರದ ಅಡಿಗೆ ಲಿಂಬೆಹಣ್ಣು ಇಟ್ಟು ಆರತಿ ಎತ್ತುತ್ತಿದ್ದರು. ಲಿಫ್ಟಿನ ಬಾಗಿಲು ತೆರೆದದ್ದೇ ಕರ್ಪೂರ ಮತ್ತು ಒದ್ದೆ ಹೂವಿನ ವಾಸನೆ ಮೂಗಿಗೆ ಬಡಿಯಿತು. "ಬನ್ನಿ ಮೇಡಂ, ನಿಮ್ಮ ಗಾಡಿಗೂ ಒಂದು ಆರತಿ ಮಾಡುವ" ಎಂದು ಒಬ್ಬರು ಕರೆದರು. ನಾನು ಕೇಳಿದ ಮೊದಲ ಪ್ರಶ್ನೆ, "ಪೂಜೆ ಆದ ಮೇಲೆ ಗಾಡಿ ಸ್ಟಾರ್ಟ್ ಮಾಡಬಹುದಲ್ಲ?" ಅವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆ ವಾಸನೆ ನನ್ನನ್ನು ಎಳೆದುಕೊಂಡು ಹೋಗಿ ಕೆಲವು ವರ್ಷ ಹಿಂದಿನ ಒಂದು ನವರಾತ್ರಿಯ ಎದುರು ನಿಲ್ಲಿಸಿತ್ತು. ಆ ವರ್ಷ ನವರಾತ್ರಿಯಿಂದ ದೀಪಾವಳಿಯವರೆಗೆ ನಾನು ಒಂದು ಹೊತ್ತು ನೆಮ್ಮದಿಯಿಂದ ಉಂಡದ್ದಿಲ್ಲ.

ನನ್ನ ಕೆಲಸವೇನೆಂದು ಮೊದಲು ಹೇಳಬೇಕು. ಬಹರೇನಿನಲ್ಲಿ ಬೆಳೆಯುವುದಕ್ಕಿಂತ ಬಂದಿಳಿಯುವ ಆಹಾರವೇ ಹೆಚ್ಚು. ಬ್ರೆಜಿಲಿನ ಕೋಳಿ, ಈಜಿಪ್ಟಿನ ಬಟಾಣಿ, ಕೇರಳದ ಪರೋಟ, ಎಲ್ಲ ಹಡಗಿನಲ್ಲಿ, ಶೀತಲ ಕಂಟೇನರಿನಲ್ಲಿ ಬರುತ್ತವೆ. ಕಂಟೇನರೆಂದರೆ ಒಂದು ಕೋಣೆಯಷ್ಟು ದೊಡ್ಡ ಫ್ರಿಜ್ಜು. ಒಂದು ತುದಿಯಲ್ಲಿ ಬಾಗಿಲು, ಇನ್ನೊಂದು ತುದಿಯಲ್ಲಿ ಯಂತ್ರ. ಲಾರಿಯ ಮೇಲಿರಲಿ, ಬಂದರಿನಲ್ಲಿರಲಿ, ಹಡಗಿನ ಮೇಲಿರಲಿ, ಆ ಯಂತ್ರ ನಿಲ್ಲಬಾರದು. ಒಳಗೆ ಮೈನಸ್ ಹದಿನೆಂಟು ಇರಬೇಕು. ಹಡಗಿನ ಕಂಪೆನಿಯ ವೆಬ್‌ಸೈಟಿನಲ್ಲಿ ಆ ಅಂಕಿ ಕಾಣುತ್ತದೆ. ಇಂಥ ಕಂಟೇನರುಗಳ ಬೆನ್ನು ಹತ್ತಿ ಊರು ಸೇರಿಸುವುದು ನನ್ನ ಹೊಟ್ಟೆಪಾಡು. "ನಿನ್ನ ಮಕ್ಕಳು ಎಲ್ಲಿವರೆಗೆ ಬಂದರು?" ಎಂದು ಗಂಡ ದಿನಾ ಕಿಚಾಯಿಸುತ್ತಾರೆ. ಸ್ವಂತ ಮಗಳಿಗೆ ಜ್ವರ ಬಂದಾಗಲೂ ನಾನು ಅಷ್ಟು ಸಲ ಥರ್ಮಾಮೀಟರ್ ನೋಡಿದವಳಲ್ಲ ಎನ್ನುವುದು ಅವರ ದೂರು. ಸುಳ್ಳೇನಲ್ಲ.

ಆ ವರ್ಷದ ಕಂಟೇನರು ಮಾತ್ರ ನಿಜಕ್ಕೂ ನನ್ನ ಮನೆಯದ್ದೇ ಆಗಿತ್ತು. ಊರಲ್ಲಿ, ಬೆಳ್ಮಣ್ ಹತ್ತಿರ ನನ್ನ ಅಕ್ಕ ಸುಮತಿ ಒಂದು ಸಣ್ಣ ಘಟಕ ನಡೆಸುತ್ತಿದ್ದಳು. ಕೆಸುವಿನ ಎಲೆಯ ಪತ್ರೊಡೆ, ತೆಂಗಿನ ತುರಿ ಮಾಡಿ, ಹೆಪ್ಪುಗಟ್ಟಿಸಿ, ಪ್ಯಾಕೆಟು ಮಾಡಿ ಮಂಗಳೂರಿನ ಅಂಗಡಿಗಳಿಗೆ ಕೊಡುತ್ತಿದ್ದಳು. ಕೆಲಸಕ್ಕಿದ್ದವರು ಹೆಚ್ಚಿನಂಶ ಬೀಡಿ ಕಟ್ಟುತ್ತಿದ್ದ ಹೆಂಗಸರು. ಬೀಡಿ ಕೆಲಸ ಕಡಿಮೆಯಾಗಿ ಮನೆಯಲ್ಲಿ ಕೂತಿದ್ದವರನ್ನು ಅಕ್ಕ ಒಬ್ಬೊಬ್ಬರನ್ನಾಗಿ ಕರೆದು ತಂದಿದ್ದಳು. ಎಲೆ ಸುತ್ತುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹಿಟ್ಟು ಸವರಿದ ಕೆಸುವಿನ ಎಲೆಯನ್ನು ಅವರು ಸುತ್ತುವ ಚಂದ ನೋಡಿದರೆ, ಬೆರಳುಗಳು ಬೇರೆ, ಮಾತಾಡುವ ಬಾಯಿ ಬೇರೆ ಅನಿಸುತ್ತಿತ್ತು. ಆದರೆ ಮಂಗಳೂರಿನ ಅಂಗಡಿಗಳನ್ನು ನಂಬಿ ಅಷ್ಟು ಮಂದಿಯನ್ನು ವರ್ಷವಿಡೀ ಇಟ್ಟುಕೊಳ್ಳಲಾಗುವುದಿಲ್ಲ. "ಹೊರದೇಶಕ್ಕೆ ಹೋದರೆ ಮಾತ್ರ ಇದು ನಿಲ್ಲುವುದು. ಇಲ್ಲದಿದ್ದರೆ ಇವರು ವಾಪಸು ಬೀಡಿಗೆ" ಎಂದು ಅಕ್ಕ ಹೇಳುತ್ತಿದ್ದಳು.

ನನ್ನ ಧಣಿ ಬೂ ಖಾಲಿದ್. ಬಹರೇನಿಯವರು, ಅಪ್ಪನ ಕಾಲದಿಂದ ಇದೇ ವ್ಯಾಪಾರ. ಹಮದ್ ಟೌನಿನಲ್ಲಿ ಮನೆ. ಮುಂಬಯಿಯವರ ಜೊತೆ ಒಡನಾಡಿ ಹಿಂದಿ ಸಲೀಸು. ಒಂದು ದಿನ ಧೈರ್ಯ ಮಾಡಿ ಪತ್ರೊಡೆಯನ್ನು ಕಾವಲಿಯಲ್ಲಿ ಹುರಿದು ಡಬ್ಬಿಯಲ್ಲಿ ಒಯ್ದೆ. ಒಂದು ತಿಂದು, ಇನ್ನೊಂದು ತಿಂದು, "ನಾವು ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುತ್ತೇವಲ್ಲ, ಅದರ ಅಕ್ಕನೇನು ಇದು?" ಎಂದು ಕೇಳಿದರು. "ಅಲ್ಲ, ಮಾಡುವವಳು ನನ್ನ ಅಕ್ಕ" ಎಂದೆ. ಅವರು ಜೋರಾಗಿ ನಕ್ಕರು. ನಕ್ಕದ್ದು ನೋಡಿ ಕೆಲಸ ಆಯಿತು ಎಂದುಕೊಂಡರೆ, ಕೂಡಲೇ ಮುಖ ಗಂಭೀರ ಮಾಡಿಕೊಂಡು, "ಒಂದು ಕಂಟೇನರು ಬರಲಿ. ಸರಿಯಾಗಿ ಬಂದರೆ ಮುಂದೆ ಮಾತು. ಇಲ್ಲವೆಂದರೆ ಖಲಾಸ್" ಎಂದರು.

ಆ ಮಳೆಗಾಲವಿಡೀ ಅಕ್ಕನ ಘಟಕದಲ್ಲಿ ಪತ್ರೊಡೆಯೇ ಪತ್ರೊಡೆ. ಕೆಸು ಮಳೆಗೆ ಚಿಗುರುವ ಎಲೆ. ಮಳೆ ಹಿಂದೆ ಸರಿದರೆ ಎಲೆ ಒರಟಾಗುತ್ತದೆ, ತುರಿಸುತ್ತದೆ. ಸಿಕ್ಕಿದಾಗ ಸುತ್ತಬೇಕು. ಹೆಂಗಸರು ಆಟಿ ತಿಂಗಳ ಜಡಿಮಳೆಯಲ್ಲಿ ಓಲೆಯ ಗೊರಬೆಯ ಬದಲು ಪ್ಲಾಸ್ಟಿಕ್ ಹೊದ್ದು ಎಲೆ ಕೊಯ್ದು ತಂದರು. ಇಲ್ಲಿ ನಾನು ನಮ್ಮ ಊರಿನವರ ಸಂಘಕ್ಕೆ ಹೇಳಿದೆ. ಅವರು ದೀಪಾವಳಿಯ ಮಕ್ಕಳ ಕಾರ್ಯಕ್ರಮದ ಆಮಂತ್ರಣದಲ್ಲೇ "ಊರಿನ ಪತ್ರೊಡೆ" ಎಂದು ಅಚ್ಚು ಹಾಕಿಸಿಬಿಟ್ಟರು. ಅಕ್ಕ ಅದನ್ನು ಹೆಂಗಸರಿಗೆ ಓದಿ ಹೇಳಿದಳಂತೆ. ತಾವು ಸುತ್ತಿದ್ದು ಸಮುದ್ರದಾಚೆಯ ಮಕ್ಕಳ ಹಬ್ಬಕ್ಕೆ ಎಂದು ತಿಳಿದ ಮೇಲೆ ಅವರ ಉಮೇದು ಇನ್ನೂ ಏರಿತಂತೆ.

ಕಂಟೇನರು ಅಕ್ಕನ ಅಂಗಳಕ್ಕೆ ಬಂದದ್ದು ನವರಾತ್ರಿಯ ಕೊನೆಗೆ. ಆಯುಧ ಪೂಜೆಯ ದಿನ ಮಧ್ಯಾಹ್ನದ ಹೊತ್ತಿಗೆ ತುಂಬಿಸಿ ಮುಗಿಯಿತು. ಭಾರದ ತೆಂಗಿನ ತುರಿ ಒಳಗೆ, ಪತ್ರೊಡೆ ಕೊನೆಗೆ, ಬಾಗಿಲಿನ ಬದಿಗೆ; ಹಬ್ಬಕ್ಕೆ ಬೇಗ ಬೇಕಾದದ್ದು ಮೊದಲು ಇಳಿಯಲಿ ಎಂದು ನಾನೇ ಹೇಳಿದ್ದೆ. ಲಾರಿಯ ಡ್ರೈವರ್ ತನ್ನ ಗಾಡಿಯ ಪೂಜೆಗೆ ರಜೆ ಹಾಕಿ ಹೋದ. ಕಂಟೇನರಿಗೆ ಘಟಕದ ಕರೆಂಟು ಕೊಟ್ಟಿದ್ದರು. ಮರುದಿನ ಬೆಳಿಗ್ಗೆ ಪಣಂಬೂರಿನ ಬಂದರಿಗೆ ಹೊರಡುವುದು. ಅಕ್ಕ ಒಂದು ಫೋಟೋ ಕಳಿಸಿದಳು. ಯಂತ್ರದ ಮೇಲೆ ಕುಂಕುಮದ ನಾಮ, ಮಾಲೆ, ಎದುರಿಗೆ ಬಾಳೆಎಲೆಯಲ್ಲಿ ಅವಲಕ್ಕಿ, ಬೆಲ್ಲ. ಸುತ್ತ ನಿಂತ ಹೆಂಗಸರೆಲ್ಲ ಮಲ್ಲಿಗೆ ಮುಡಿದಿದ್ದರು. ನಾನು ಕೈ ಮುಗಿದ ಚಿತ್ರ ಕಳಿಸಿ ಮಲಗಿದೆ.

ಮರುದಿನ ಕಚೇರಿಗೆ ಬಂದು ಕಂಪ್ಯೂಟರ್ ತೆರೆದರೆ ಹಿಂದಿನ ಸಂಜೆಯಿಂದ ಅಂಕಿಯೇ ಇಲ್ಲ. ಖಾಲಿ. ಬೆಳಿಗ್ಗೆ ಮತ್ತೆ ಶುರುವಾಗಿತ್ತು. ಶುರುವಾದ ಅಂಕಿ ನೋಡಿ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಲಾರಂಭಿಸಿತು. ಮೈನಸ್ ಹದಿನೆಂಟು ಇರಬೇಕಾದಲ್ಲಿ ಮೈನಸ್ ಆರು. ಅಕ್ಕನಿಗೆ ಫೋನ್ ಮಾಡಿದೆ. ನಾವು ಮಾತಾಡುವುದು ತುಳುವಿನಲ್ಲಿ.

"ಅಕ್ಕ, ನಿನ್ನೆ ಅಲ್ಲಿ ಕರೆಂಟು ಹೋಗಿತ್ತಾ?"

"ಇಲ್ಲ. ಯಾಕೆ?"

"ಕಂಟೇನರು ಬಂದ್ ಇತ್ತಲ್ಲ ರಾತ್ರಿಯಿಡೀ!"

"ಹೌದು, ನಾವೇ ಬಂದ್ ಮಾಡಿದ್ದು. ಪೂಜೆ ಆಯ್ತಲ್ಲ."

ಊಟ ಆಯಿತು, ಕೈ ತೊಳೆದೆ ಎನ್ನುವ ಹಾಗೆ ಹೇಳಿದಳು. ನಮ್ಮ ಕ್ರಮವೇ ಅದು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟುವ ಹಾಗಿಲ್ಲ. ನಮ್ಮ ಮನೆಯಲ್ಲಿ ಅಂದು ತುರಿಯುವ ಮಣೆಯೂ ದೇವರ ಎದುರಿರುತ್ತಿತ್ತು. ಸಾರಿಗೆ ಬೇಕಾದ ಕಾಯಿಯನ್ನು ಅಮ್ಮ ಮೊದಲೇ ತುರಿದಿಡುತ್ತಿದ್ದರು. ವರ್ಷವಿಡೀ ದುಡಿದದ್ದಕ್ಕೆ ಒಂದು ದಿನ ವಿಶ್ರಾಂತಿ. ಘಟಕದ ರುಬ್ಬುವ ಕಲ್ಲು, ಮಿಕ್ಸರು, ತಕ್ಕಡಿ ಎಲ್ಲದಕ್ಕೂ ಅಕ್ಕ ವಿಶ್ರಾಂತಿ ಕೊಟ್ಟಿದ್ದಳು. ಕಂಟೇನರೊಂದಕ್ಕೆ ಯಾಕೆ ಪಂಕ್ತಿಭೇದ?

"ಒಳಗೆ ಇರುವುದು ಹಾಳಾಗ್ತದೆ ಅಕ್ಕಾ!"

"ಎಂತ ಹಾಳಾಗುವುದಿಲ್ಲ. ಇಲ್ಲಿ ಮಳೆಗಾಲದಲ್ಲಿ ಕರೆಂಟು ಇರುವ ದಿನ ಯಾವುದು? ಬಾಗಿಲು ತೆಗೆಯದಿದ್ದರೆ ಫ್ರೀಝರಿನಲ್ಲಿ ಐಸು ಹಾಗೇ ಇರ್ತದೆ. ನಿನಗೆ ಎಲ್ಲದಕ್ಕೂ ಗಾಬರಿ."

ಅದರಲ್ಲಿ ಸ್ವಲ್ಪ ನಿಜವಿತ್ತು. ತುಂಬಿದ ಕಂಟೇನರು ಒಂದು ರಾತ್ರಿ ತಣ್ಣಗೇ ಇರಬಹುದು. ಇರದೆಯೂ ಇರಬಹುದು. ಆ 'ಬಹುದು' ಉಗುಳಲೂ ಆಗದ ನುಂಗಲೂ ಆಗದ ಬಿಸಿ ತುಪ್ಪವಾಗಿ ನನ್ನ ಬಾಯಲ್ಲಿ ಉಳಿಯಿತು. ಪತ್ರೊಡೆಯ ಒಂದು ಪೆಟ್ಟಿಗೆಯಲ್ಲಿ ಶಾಖ ದಾಖಲಿಸುವ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನವೊಂದನ್ನು ಇಡಿಸಿದ್ದೆವು. ನಿಜ ಗೊತ್ತಿದ್ದದ್ದು ಅದಕ್ಕೊಂದಕ್ಕೇ. ಅದನ್ನು ಓದಬೇಕಾದರೆ ಬಹರೇನಿಗೆ ಬಂದು ಬಾಗಿಲು ತೆರೆಯಬೇಕು.

ಬೂ ಖಾಲಿದ್ ಅವರಿಗೆ ಅಂದೇ ಹೇಳಿದೆ. ಮುಚ್ಚಿಟ್ಟು ನಿದ್ದೆ ಮಾಡುವ ಶಕ್ತಿ ನನಗಿಲ್ಲ.

"ಯಂತ್ರಕ್ಕೆ ಪೂಜೆ ಮಾಡಿದರು?" ಎಂದು ಕೇಳಿದರು.

"ಹೌದು."

"ಮಾಡಿ ಆಫ್ ಮಾಡಿದರು?"

"ಅದು ವಿಶ್ರಾಂತಿಗೆ."

ಕೈಯಲ್ಲಿದ್ದ ಜಪಮಣಿಯನ್ನು ಒಂದೊಂದಾಗಿ ಸರಿಸುತ್ತ ಕೂತರು. ಬೈದಿದ್ದರೆ ಸುಖವಿತ್ತು. "ಹಡಗಿಗೆ ಹತ್ತಲಿ. ಬಂದ ಮೇಲೆ ನೋಡೋಣ" ಎಂದರು. ಅಷ್ಟೇ. ಅಂದಿನಿಂದ ಆ ಕಂಟೇನರಿನ ಸುದ್ದಿಯನ್ನೇ ಎತ್ತಲಿಲ್ಲ. ದಿನಾ ಬೆಳಿಗ್ಗೆ ಎಲ್ಲ ಕಂಟೇನರುಗಳ ವರದಿ ಕೇಳುವವರು ಇದೊಂದರ ಹೆಸರು ಬರುವಾಗ ಕರಕ್ ಚಹಾದ ಲೋಟ ಎತ್ತಿಕೊಳ್ಳುತ್ತಿದ್ದರು. ಮೌನಕ್ಕೆ ನಾನು ಎಷ್ಟು ಹೆದರುತ್ತೇನೆಂದು ಆ ದಿನಗಳಲ್ಲಿ ಗೊತ್ತಾಯಿತು.

ಹಡಗು ಹೊರಟಿತು. ಅಂಕಿ ಮೈನಸ್ ಹದಿನೆಂಟಕ್ಕೆ ಇಳಿದು ಅಲ್ಲೇ ನಿಂತಿತು. ಆದರೆ ಒಮ್ಮೆ ಕರಗಿ ಮತ್ತೆ ಗಟ್ಟಿಯಾದದ್ದಕ್ಕೂ ಅದೇ ಅಂಕಿ, ಕರಗದೇ ಉಳಿದದ್ದಕ್ಕೂ ಅದೇ ಅಂಕಿ! ದುಬೈಯ ಜೆಬೆಲ್ ಅಲಿ ಬಂದರಿನಲ್ಲಿ ಇಳಿಸಿ ಬೇರೆ ಹಡಗಿಗೆ ಹತ್ತಿಸಬೇಕಿತ್ತು. ಆ ಹಡಗು ತಪ್ಪಿತು. ಮುಂದಿನದ್ದು ಯಾವಾಗ ಎಂದರೆ ಇವತ್ತು, ನಾಳೆ, ಇನ್ಶಾಅಲ್ಲಾಹ್. ಬಹರೇನಿನಲ್ಲಿ ಆಗ ಬೇಸಗೆ ಹೋಗಲೋ ಬೇಡವೋ ಎಂದು ಮೀನಮೇಷ ಎಣಿಸುವ ಸಮಯ. ಬೆಳಿಗ್ಗೆ ಕಾರಿನ ಗಾಜಿನ ಮೇಲೆ ನೀರಿಳಿಯುವಷ್ಟು ತೇವ, ಮಧ್ಯಾಹ್ನ ಉರಿ. ಸಿತ್ರಾದ ಸೇತುವೆಯ ಮೇಲೆ ಟ್ರಾಫಿಕ್ ನಿಂತಾಗ ಫೋನ್ ತೆಗೆದು ಅಂಕಿ ನೋಡುವುದು, ಸಿಗ್ನಲ್ಲಿನಲ್ಲಿ ನೋಡುವುದು, ಮಗಳ ಶಾಲೆಯ ಗೇಟಿನಲ್ಲಿ ನೋಡುವುದು. "ಅಮ್ಮ, ಆರ್ ಯು ಚೆಕಿಂಗ್ ದಟ್ ಬಾಕ್ಸ್ ಅಗೈನ್?" ಎಂದು ಮಗಳು ಇಶಾ ಹಣೆ ಚಚ್ಚಿಕೊಳ್ಳುತ್ತಿದ್ದಳು. ಎದುರು ಮನೆಯ, ಕೊಂಕಣಿ ಮಾತಿನ ಫ್ಲೇವಿಯಾ ಬಾಯಿ ನರ್ಸು. ಡ್ಯೂಟಿ ಮುಗಿಸಿ ಬಂದವರು ಲಿಫ್ಟಿನಲ್ಲಿ ಸಿಕ್ಕಿದಾಗಲೆಲ್ಲ, "ನಮ್ಮ ಪತ್ರಡೆ ಎಲ್ಲಿಗೆ ಮುಟ್ಟಿತು?" ಎನ್ನುತ್ತಿದ್ದರು. ನಾನು ಲಿಫ್ಟು ಬಿಟ್ಟು ಮೆಟ್ಟಿಲು ಇಳಿಯಲು ಶುರು ಮಾಡಿದೆ.

ಅಕ್ಕನ ಜೊತೆ ಜಗಳವೂ ಆಯಿತು. ನಾನು ಏನೋ ಚುಚ್ಚಿದೆ, ಅವಳು, "ದೇವರ ಕೆಲಸ ಮಾಡಿದ್ದಕ್ಕೆ ಹಾಳಾಗ್ತದೆ ಅಂತ ಹೇಳುವ ಬಾಯಿ ನಿನಗೆ ಎಲ್ಲಿಂದ ಬಂತು?" ಎಂದು ಫೋನ್ ಇಟ್ಟಳು. ಹಲವು ದಿನ ಮಾತಿಲ್ಲ. ಅವಳಿಗೂ ಹೆದರಿಕೆ ಹಿಡಿದಿದೆ ಎಂದು ನನಗೆ ಗೊತ್ತಿತ್ತು. ನಮ್ಮ ಮನೆಯವರಿಗೆ ಹೆದರಿಕೆಯಾದರೆ ಸ್ವರ ಏರುತ್ತದೆ, ತಗ್ಗುವುದಿಲ್ಲ.

ಆ ದಿನಗಳಲ್ಲಿ ನನ್ನನ್ನು ನಗಿಸಿದವರು ಹಮೀದಾಕ ಒಬ್ಬರೇ. ಉಳ್ಳಾಲದ ಬ್ಯಾರಿ, ನಮ್ಮ ಗೋದಾಮಿನ ಮೇಲ್ವಿಚಾರಕ. "ಮೇಡಂ, ಇಷ್ಟು ವರ್ಷ ಆಯ್ತು, ನಮ್ಮ ಕಂಟೇನರಿಗೆ ಈದಿಗೂ ಯಾರೂ ರಜೆ ಕೊಟ್ಟದ್ದಿಲ್ಲ. ಪಾಪದ್ದು, ಒಂದು ದಿನ ಮಲಗಿದ್ರೆ ಮಲಗ್ಲಿ" ಎಂದರು. ನಗುತ್ತ ನಗುತ್ತ ನನಗೆ ಅಳು ಬಂತು. ಅವರು ಗಾಬರಿಯಾಗಿ ಮೊಸರಿನ ಪೊಟ್ಟಣ ತಂದುಕೊಟ್ಟರು. ಯಾಕೆ ಮೊಸರು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಂತೂ ದೀಪಾವಳಿಗೆ ಸ್ವಲ್ಪ ಮುಂಚೆ ಕಂಟೇನರು ಬಹರೇನಿನ ಹಿದ್ದ್‌ನ ಬಂದರಿಗೆ ಬಂದಿತು. ಬಂದರಿನಲ್ಲಿ ನಿಯಮದಂತೆ ನೋಡಿ ಬಿಟ್ಟರು. ಕಾಗದ ಸರಿ, ಅಂದಿನ ಅಂಕಿಯೂ ಸರಿ. ಬಿಡುಗಡೆಯ ಸಂದೇಶ ಬಂದಾಗ ಕುಣಿಯಬೇಕಿದ್ದವಳು ಕುರ್ಚಿ ಹಿಡಿದು ಕೂತೆ. ಅಷ್ಟು ದಿನ, ತಡೆದುಬಿಟ್ಟರೆ ಏನು ಗತಿ ಎಂಬ ಭಯವಿತ್ತು. ಈಗ ಯಾರೂ ತಡೆಯಲಿಲ್ಲ. ಇನ್ನು ಅದು ನೇರ ಮಕ್ಕಳ ತಟ್ಟೆಗೆ ಹೋಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಭಯವಾಗಿ ಎದುರು ನಿಂತಿತು.

ಸಿತ್ರಾದ ಗೋದಾಮಿಗೆ ಬೂ ಖಾಲಿದ್ ತಾವೇ ಬಂದರು. ಹಮೀದಾಕ ಸೀಲು ಕತ್ತರಿಸಿ ಬಾಗಿಲು ಎಳೆದರು. ಬಿಳಿ ಮಂಜು ಹೊರಗೆ ಉರುಳಿತು. ಮಂಜು ಸರಿದಾಗ ಮೊದಲು ಕಂಡದ್ದು ಪೆಟ್ಟಿಗೆಯಲ್ಲ, ಹೂ. ಮೇಲಿನ ಪೆಟ್ಟಿಗೆಯ ಮೇಲೆ ಕುಂಕುಮ, ಬಾಗಿಲಿನ ಸಂದಿಯಲ್ಲಿ ಚೆಂಡುಹೂವಿನ ಎಸಳುಗಳು, ಕಲ್ಲಿನ ಹಾಗೆ ಗಟ್ಟಿಯಾಗಿ, ಬಣ್ಣ ಮಾತ್ರ ನಿನ್ನೆ ಕೊಯ್ದ ಹಾಗೆ. ಅಕ್ಕ ಯಂತ್ರ ನಿಲ್ಲಿಸಿದ್ದು ಮಾತ್ರವಲ್ಲ, ಆರತಿಗೆ ಬಾಗಿಲನ್ನೂ ತೆರೆದಿಟ್ಟಿದ್ದಳು; ಫೋನಿನಲ್ಲಿ ಆ ಮಾತು ಎತ್ತಿರಲೇ ಇಲ್ಲ. ದೇವರ ಬಾಗಿಲು ಮುಚ್ಚಿ ಪೂಜೆ ಮಾಡುವ ಕ್ರಮ ನಮ್ಮಲ್ಲಿಲ್ಲ, ನಿಜ.

ಹಮೀದಾಕ ಸಾಧನವನ್ನು ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದರು. ಪರದೆಯಲ್ಲಿ ಶಾಖದ ಗೆರೆ ಪೂಜೆಯ ರಾತ್ರಿ ಏರುತ್ತ ಏರುತ್ತ ಸೊನ್ನೆ ದಾಟಿತ್ತು. ಒಳಗಿನ ಸಾಲಿನ ತೆಂಗಿನ ತುರಿಯ ಪೆಟ್ಟಿಗೆಗಳನ್ನು ಬೇರೆ ಬೇರೆ ಕಡೆಯಿಂದ ಇಳಿಸಿ ಒಡೆದು ನೋಡಿದರೆ ಪುಡಿಪುಡಿಯಾಗಿ, ಮಾಡಿದಂತೆಯೇ ಇತ್ತು. ಪತ್ರೊಡೆಯ ಪ್ಯಾಕೆಟುಗಳ ಅಡಿಯಲ್ಲಿ ಮಾತ್ರ ಐಸಿನ ಪದರ ಕಟ್ಟಿತ್ತು. ಬಾಗಿಲಿನ ಬದಿಯಲ್ಲಿದ್ದದ್ದು ಅದೇ, ಪೂರ್ತಿ ಅದೇ.

"ವಾಸನೆ ಎಂತದೂ ಇಲ್ಲ" ಎಂದರು ಹಮೀದಾಕ ಮೆಲ್ಲಗೆ. "ನಿನ್ನೆಯ ಪತ್ರೊಡೆ ಬೆಳಿಗ್ಗೆ ಹುರಿದು ತಿಂದು ಬೆಳೆದವರು ನಾವು. ಇದನ್ನು ತಿಂದು ಯಾರಿಗೆ ಎಂತ ಆಗ್ಲಿಕ್ಕುಂಟು?" ನನ್ನ ಮೇಲಿನ ಮರುಕಕ್ಕೆ ಅವರು ಹಾಗೆ ಹೇಳಿದ್ದು. ನನ್ನ ಮನಸ್ಸೂ ಆ ಮಾತಿಗೆ ಜೋತು ಬೀಳಲು ಹವಣಿಸುತ್ತಿತ್ತು.

ಬೂ ಖಾಲಿದ್ ಒಂದು ಪ್ಯಾಕೆಟನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದರು. "ಇದನ್ನು ಮಾಡಿದವಳು ನಿನ್ನ ಅಕ್ಕ" ಎಂದರು. "ಅವಳಿಗೇ ಫೋನ್ ಮಾಡು. ಇದನ್ನು ನಿನ್ನ ಮಗಳಿಗೆ ಕೊಡಬಹುದಾ ಕೇಳು. ನನಗೆ ಬೇರೆ ಯಾರ ಮಾತೂ ಬೇಡ."

ಅವರು ನನ್ನನ್ನು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ. ಫೋನ್ ಹಚ್ಚಿದೆ, ಎಲ್ಲರಿಗೂ ಕೇಳುವ ಹಾಗೆ. ಅಲ್ಲಿ ಹಗಲು ಇನ್ನೂ ಇತ್ತು, ಹಿಂದೆ ಹೆಂಗಸರ ಮಾತು, ಪಾತ್ರೆಗಳ ಸದ್ದು. ಜಗಳದ ನಂತರ ಇದೇ ಮೊದಲ ಮಾತು.

"ತೆರೆದಿರಾ?" ಎಂದಳು ಅಕ್ಕ. ಹಲೋ ಇಲ್ಲ.

"ತೆರೆದೆವು. ತೆಂಗಿನಕಾಯಿ ಒಳ್ಳೆದುಂಟು."

"ಪತ್ರೊಡೆ?"

"ಅಕ್ಕ, ಧಣಿ ಒಂದು ಮಾತು ಕೇಳ್ತಾ ಇದ್ದಾರೆ. ಅದನ್ನು ಇಶಾಳಿಗೆ ಕೊಡಬಹುದಾ ಅಂತ."

ಬೈಯುತ್ತಾಳೆಂದು ನಾನು ಕಾದೆ. ಅವಳು ಬೇರೆಯೇ ಸ್ವರದಲ್ಲಿ, "ಪ್ಯಾಕೆಟಿನ ಅಡಿಯಲ್ಲಿ ಐಸು ಕಟ್ಟಿದೆಯಾ?" ಎಂದು ಕೇಳಿದಳು.

"ಕಟ್ಟಿದೆ."

"ಎಲ್ಲದರಲ್ಲೂ?"

"ತೆರೆದು ನೋಡಿದ್ದರಲ್ಲೆಲ್ಲ."

"ಹಾಗಾದರೆ ಅದು ಕರಗಿ ನೀರಾಗಿ ಮತ್ತೆ ಗಟ್ಟಿಯಾದದ್ದು. ಬೇಡ. ಇಶಾಳಿಗೂ ಬೇಡ, ಯಾರಿಗೂ ಬೇಡ. ಒಂದು ಪ್ಯಾಕೆಟೂ ಕೊಡಬೇಡ. ಅಷ್ಟನ್ನೂ ಬಿಸಾಡ್ಲಿಕ್ಕೆ ಹೇಳು."

"ಅಕ್ಕ, ಈ ವರ್ಷ ಇನ್ನು ಎಲೆ ಇಲ್ಲ."

"ಇಲ್ಲ ಅಂತ ನನಗೆ ಗೊತ್ತಿಲ್ವಾ? ನನ್ನ ಕೈಯಿಂದ ಆದದ್ದು. ದೇವರ ಹೆಸರು ಹೇಳಿ ಮಕ್ಕಳ ಹೊಟ್ಟೆಗೆ ಅದನ್ನು ಹಾಕ್ಲಿಕ್ಕೆ ನನ್ನಿಂದ ಆಗುವುದಿಲ್ಲ. ನಿಲ್ಲು, ಫೋನ್ ಇಡಬೇಡ. ಇವರಿಗೂ ನಾನೇ ಹೇಳ್ತೇನೆ."

ಅಕ್ಕ ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದದ್ದು ಕೇಳಿಸಿತು. ಪಾತ್ರೆಗಳ ಸದ್ದು ನಿಂತಿತು. ಮಳೆಗಾಲವಿಡೀ ಸುತ್ತಿದ ಪತ್ರೊಡೆ ಹಾಳಾಯಿತು, ಅಂದು ತಾನು ಯಂತ್ರ ನಿಲ್ಲಿಸಿದ್ದರಿಂದ, ಬಾಗಿಲು ತೆರೆದಿಟ್ಟದ್ದರಿಂದ ಹಾಳಾಯಿತು, ಅದನ್ನು ಅಲ್ಲಿ ಬಿಸಾಡುತ್ತಿದ್ದಾರೆ ಎಂದು ಒಂದೊಂದೇ ಮಾತಾಗಿ ಹೇಳಿದಳು. ಯಾರನ್ನೂ ದೂರಲಿಲ್ಲ, ದೇವರನ್ನು ಎಳೆದು ತರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡು ಕಾದೆ. ನಮ್ಮ ಗತಿ ಏನು, ನಾಳೆ ಕೆಲಸ ಉಂಟಾ ಇಲ್ಲವಾ, ಯಾರಾದರೂ ಕೇಳಿಯೇ ಕೇಳುತ್ತಾರೆ.

ಕೊನೆಗೆ ಒಬ್ಬರ ಸ್ವರ ಬಂತು. ಗಿರಿಜಕ್ಕ, ಅಲ್ಲಿನವರಲ್ಲಿ ಹಿರಿಯರು, ಬಾಳೆಲ್ಲ ಬೀಡಿ ಕಟ್ಟಿದವರು.

"ಹಾಗಾದರೆ ಅಲ್ಲಿಯ ಮಕ್ಕಳಿಗೆ ಹಬ್ಬಕ್ಕೆ ಎಂತ ಮಾಡುವುದು, ಅಮ್ಮಾ?"

ಅಕ್ಕ ಅತ್ತಳು. ಫೋನಿನ ಈ ಕಡೆ ನಾನೂ ಅತ್ತೆ. ಹಮೀದಾಕ ತುಳು ಬಲ್ಲವರು, ಮುಖ ತಿರುಗಿಸಿಕೊಂಡು ಗೋದಾಮಿನ ಆ ತುದಿಗೆ ನಡೆದರು. ಬೂ ಖಾಲಿದ್ ಅವರಿಗೆ ಒಂದಕ್ಷರ ಅರ್ಥವಾಗಿರಲಿಲ್ಲ. "ಏನು ಹೇಳಿದಳು ಅಕ್ಕ?" ಎಂದರು. ಹೇಳಿದೆ. "ಆ ಇನ್ನೊಬ್ಬಳು ಏನು ಕೇಳಿದಳು?" ಅದನ್ನೂ, ಹೇಗೋ, ಹಿಂದಿಯಲ್ಲಿ ಹೇಳಿದೆ.

ಅವರು ಕೈಯಲ್ಲಿದ್ದ ಪ್ಯಾಕೆಟನ್ನು ತಾವೇ ನಡೆದುಹೋಗಿ ಬಿಸಾಡುವ ರಾಶಿಯ ಮೇಲೆ ಇಟ್ಟರು. ತೆಂಗಿನ ತುರಿಯನ್ನು ಒಳಗೆ ತೆಗೆದುಕೊಳ್ಳಲು ಹಮೀದಾಕನಿಗೆ ಕೂಗಿ ಹೇಳಿದರು. ಮತ್ತೆ ನನ್ನ ಹತ್ತಿರ ಬಂದು ಕೇಳಿದರು, "ಆ ಎಲೆ ಇನ್ನು ಯಾವಾಗ ಚಿಗುರುತ್ತದೆ?"

"ಮಳೆ ಬಂದ ಮೇಲೆ" ಎಂದೆ.

"ಹಾಗಾದರೆ ಮಳೆ ಬಂದ ಕೂಡಲೇ ಸುತ್ತಲಿಕ್ಕೆ ಶುರು ಮಾಡಲು ಹೇಳು. ನವರಾತ್ರಿಗೆ ಮೊದಲು ಹಡಗು ಹತ್ತಬೇಕು."